ಯುದ್ಧ, ಸುಂಕ, ಸರ್ಕಾರಿ ಖರ್ಚು: ಕ್ರಿಪ್ಟೊ ಬೆಲೆಯ ಮೇಲಿನ ಪರಿಣಾಮವನ್ನು ಅಳೆಯುವ ಬಗೆ

ಜಾಗತಿಕ ಸುದ್ದಿಯೊಂದು ಬಂದಾಗ ಅದು ಬಿಟ್‌ಕಾಯಿನ್‌ಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಅದರಿಂದ ಮಾರುಕಟ್ಟೆಯಲ್ಲಿ ಡಾಲರ್ ಹರಿವು ಹೆಚ್ಚುತ್ತದೆಯೋ ಕಡಿಮೆಯಾಗುತ್ತದೆಯೋ ಎಂದು ಕೇಳಿಕೊಳ್ಳುವುದು ಹೆಚ್ಚು ಉಪಯುಕ್ತ.

ಮೊದಲು ಸುದ್ದಿ ಬಂದ ದಿನವನ್ನು ಗಮನಿಸಿ. 2024ರ ಏಪ್ರಿಲ್ 13ರ ಶನಿವಾರ ರಾತ್ರಿ ಇರಾನ್ ಇಸ್ರೇಲ್ ಮೇಲೆ ಡ್ರೋನ್ ದಾಳಿ ನಡೆಸಿದಾಗ ಪ್ರಮುಖ ಷೇರುಪೇಟೆಗಳೆಲ್ಲ ಮುಚ್ಚಿದ್ದವು. ಗಾಬರಿಗೊಂಡವರು ಮಾರಲು ತೆರೆದಿದ್ದ ಪೇಟೆ ಕ್ರಿಪ್ಟೊ ಮಾತ್ರವಾಗಿದ್ದರಿಂದ ಬಿಟ್‌ಕಾಯಿನ್ ಕೆಲವೇ ಗಂಟೆಗಳಲ್ಲಿ 67,000 ಡಾಲರ್ ಆಸುಪಾಸಿನಿಂದ 62,000ಕ್ಕಿಂತ ಕೆಳಗಿಳಿಯಿತು. ವಾರಾಂತ್ಯದ ಇಂಥ ಕುಸಿತವನ್ನು ಅಂತಿಮ ತೀರ್ಪೆಂದು ಭಾವಿಸದೆ, ಸೋಮವಾರ ಬಾಂಡ್ ಮತ್ತು ಷೇರು ಮಾರುಕಟ್ಟೆಗಳು ಹೇಗೆ ಸ್ಪಂದಿಸುತ್ತವೆ ಎಂಬುದನ್ನು ನೋಡುವವರೆಗೆ ಕಾಯಿರಿ.

ಅನಂತರ ಆಘಾತವನ್ನೂ ದೀರ್ಘಾವಧಿಯ ದಿಕ್ಕನ್ನೂ ಬೇರ್ಪಡಿಸಿ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನ್ ಮೇಲೆ ಆಕ್ರಮಣ ಮಾಡಿದಾಗ 35,000 ಡಾಲರ್ ಸಮೀಪಕ್ಕೆ ಕುಸಿದ ಬೆಲೆ ಒಂದು ವಾರದೊಳಗೆ 40,000 ದಾಟಿತು. ಆದರೂ ಆ ವರ್ಷದ ಕೊನೆಗೆ ಅದು 17,000ಕ್ಕಿಂತ ಕೆಳಗಿತ್ತು. ಟೆರ್ರಾ ಎಂಬ ಕ್ರಿಪ್ಟೊ ಜಾಲ ಮತ್ತು ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ವಿನಿಮಯ ಕೇಂದ್ರದ ಪತನಗಳ ಪಾಲು ಅದರಲ್ಲಿದ್ದರೂ, ಸರಕು-ಸೇವೆಗಳ ಬೆಲೆ ಏರುತ್ತಿದ್ದುದರಿಂದ ಅಮೆರಿಕದ ಕೇಂದ್ರ ಬ್ಯಾಂಕ್ ಆದ ಫೆಡರಲ್ ರಿಸರ್ವ್ ಶೂನ್ಯದ ಬಳಿಯಿದ್ದ ಬಡ್ಡಿದರವನ್ನು ಡಿಸೆಂಬರ್ ಹೊತ್ತಿಗೆ ಶೇ 4.25–4.5ಕ್ಕೆ ಏರಿಸಿ ಡಾಲರ್ ಹರಿವನ್ನು ಕುಗ್ಗಿಸಿದ್ದೇ ದೊಡ್ಡ ಕಾರಣವೆಂದು ನನ್ನ ಎಣಿಕೆ. ಯುದ್ಧದ ಸುದ್ದಿ ಕೇಳಿದಾಗ ತೈಲದ ಬೆಲೆ, ಅದರ ಬೆನ್ನಿಗೆ ಬಡ್ಡಿದರ ಎತ್ತ ಹೋಗಬಹುದೆಂದು ಯೋಚಿಸಬೇಕಾದದ್ದು ಇದಕ್ಕಾಗಿಯೇ.

ಸರ್ಕಾರದ ಖರ್ಚನ್ನು ಅಳೆಯುವಾಗ ಘೋಷಿತ ಮೊತ್ತಕ್ಕಿಂತ ಹಣದ ಮೂಲ ಮುಖ್ಯ. 2020ರ ಮಾರ್ಚ್‌ನಲ್ಲಿ ಅಮೆರಿಕ 2.2 ಲಕ್ಷ ಕೋಟಿ ಡಾಲರ್‌ಗಳ ಪರಿಹಾರ ಕಾಯ್ದೆ ತಂದಾಗ ಫೆಡರಲ್ ರಿಸರ್ವ್ ಕೂಡ ಸರ್ಕಾರಿ ಬಾಂಡ್‌ಗಳನ್ನು ಭಾರಿ ಪ್ರಮಾಣದಲ್ಲಿ ಕೊಳ್ಳುತ್ತಿತ್ತು. ಹೀಗೆ ಹೊಸ ಹಣ ಜನರ ಖಾತೆಗಳವರೆಗೂ ತಲುಪಿದ ಆ ಅವಧಿಯಲ್ಲಿ, 5,000 ಡಾಲರ್‌ಗಿಂತ ಕೆಳಗಿಳಿದಿದ್ದ ಬಿಟ್‌ಕಾಯಿನ್ 2021ರ ನವೆಂಬರ್‌ನಲ್ಲಿ ಸುಮಾರು 69,000ಕ್ಕೆ ಏರಿತು. ಇದಕ್ಕೆ ವಿರುದ್ಧವಾಗಿ ಖಜಾನೆಯು ಸಾಲ ಎತ್ತಿ, ಖರ್ಚು ಮಾಡದೆ ಫೆಡರಲ್ ರಿಸರ್ವ್‌ನಲ್ಲಿರುವ ತನ್ನ ಖಾತೆಯಲ್ಲಿ ಇರಿಸಿಕೊಂಡರೆ ಬ್ಯಾಂಕುಗಳ ನಗದು ಬತ್ತುತ್ತದೆ. 2025ರ ಅಕ್ಟೋಬರ್–ನವೆಂಬರ್‌ನಲ್ಲಿ ಅಮೆರಿಕ ಸರ್ಕಾರದ ಕಾರ್ಯ 43 ದಿನ ಸ್ಥಗಿತಗೊಂಡಾಗ ಆ ಖಾತೆ ಉಬ್ಬಿತು. ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್‌ಗಿಂತ ಕೆಳಗೂ ಇಳಿಯಿತು. ಈ ಖಾತೆಯ ಬಾಕಿಯನ್ನು ಫೆಡರಲ್ ರಿಸರ್ವ್ ಪ್ರತಿ ಗುರುವಾರ ಪ್ರಕಟಿಸುವ ಲೆಕ್ಕಪತ್ರದಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ವಾರದ ಅಂಕಿಯಿಂದ ನಿರ್ಧರಿಸದೆ, ಕೆಲವು ವಾರಗಳ ಏರಿಳಿತವನ್ನು ಹೋಲಿಸಿ.

ಆಮದು ಸುಂಕದ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಅದನ್ನು ಹೇರಿದವರೇ ಮರುವಾರ ಹಿಂದೆಗೆಯಬಹುದು. 2025ರ ಏಪ್ರಿಲ್ 2ರಂದು ಟ್ರಂಪ್ ಸುಂಕ ಘೋಷಿಸಿದ ಬಳಿಕ ಬಿಟ್‌ಕಾಯಿನ್ 75,000ಕ್ಕಿಂತ ಕೆಳಗಿಳಿಯಿತು. ಏಪ್ರಿಲ್ 9ರಂದು ಅವರು ಬಹುತೇಕ ದೇಶಗಳಿಗೆ 90 ದಿನಗಳ ವಿರಾಮ ನೀಡಿದೊಡನೆ ಮತ್ತೆ 80,000 ದಾಟಿತು. ಸಾಲ ಮಾಡಿ ವಹಿವಾಟು ನಡೆಸಿದವರು ಈ ನಡುವಿನ ದಿನಗಳಲ್ಲೇ ಎಲ್ಲವನ್ನೂ ಕಳೆದುಕೊಳ್ಳಬಹುದು. ಆದ್ದರಿಂದ ಇಂಥ ವಾರಗಳಲ್ಲಿ ಸಾಲದ ವಹಿವಾಟು ಬೇಡವೇ ಬೇಡ.

ಭಾರತದಲ್ಲಿ ವಾಸಿಸುವವರು ಇನ್ನೂ ಒಂದು ಲೆಕ್ಕ ಹಾಕಬೇಕು. ಲಾಭದ ಮೇಲೆ ಶೇ 30 ತೆರಿಗೆಯೂ ಅದರ ಮೇಲೆ ಸೆಸ್ಸೂ ಇವೆ, ನಿಗದಿತ ಮಿತಿ ದಾಟಿದ ಮಾರಾಟಗಳಿಗೆ ಶೇ 1 ಟಿಡಿಎಸ್ ಕಡಿತವಾಗುತ್ತದೆ, ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭಕ್ಕೆ ವಜಾ ಮಾಡಲು ಅವಕಾಶವಿಲ್ಲ. ಪ್ರತಿ ಸುದ್ದಿಗೂ ಮಾರಿ ಮತ್ತೆ ಕೊಳ್ಳುವವರು, ದಿಕ್ಕನ್ನು ಸರಿಯಾಗಿ ಊಹಿಸಿದರೂ, ಈ ಕಡಿತಗಳನ್ನು ಕಳೆದು ಏನು ಉಳಿಯುತ್ತದೆಂದು ಮಾರಾಟಕ್ಕೆ ಮುನ್ನ ಬರೆದು ನೋಡಬೇಕು.