ಮನೆಯಲ್ಲೇ ಬೈಬಲ್ ಅಧ್ಯಯನ: ಒಂದು ಪುಸ್ತಕ ಹಿಡಿದು ಕೂರುವ ಕ್ರಮ

ಬೈಬಲ್ ಓದುವುದು ಬೇರೆ, ಅಧ್ಯಯನ ಮಾಡುವುದು ಬೇರೆ. ಪ್ರಾಟೆಸ್ಟೆಂಟ್ ಬೈಬಲಿನಲ್ಲಿ 66 ಪುಸ್ತಕ, 1189 ಅಧ್ಯಾಯಗಳಿವೆ. ದಿನಕ್ಕೆ ಮೂರು ನಾಲ್ಕು ಅಧ್ಯಾಯ ಓದಿದರೆ ವರ್ಷದೊಳಗೆ ಮುಗಿಯುತ್ತದೆ, ಆ ಓದು ಬೇಕೇ ಬೇಕು. ಆದರೆ ಅಧ್ಯಯನಕ್ಕೆಂದು ಕೂತಾಗ ನಾನು ಒಂದೇ ಪುಸ್ತಕ ಹಿಡಿಯುತ್ತೇನೆ. ಅದು ಮುಗಿಯುವ ತನಕ ಇನ್ನೊಂದಕ್ಕೆ ಕೈಹಾಕುವುದಿಲ್ಲ.

ಹೊಸಬರಿಗೆ ಮಾರ್ಕನ ಸುವಾರ್ತೆ ಒಳ್ಳೆಯದು. ಸುವಾರ್ತೆ ಎಂದರೆ ಯೇಸುವಿನ ಬದುಕು, ಮಾತು ಹೇಳುವ ಪುಸ್ತಕ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ಆದಿಕಾಂಡದಿಂದ ಹೊರಟವರು ಅನೇಕರು ಎರಡನೇ ಪುಸ್ತಕವಾದ ವಿಮೋಚನಕಾಂಡದ 25ನೇ ಅಧ್ಯಾಯದ ಹತ್ತಿರ, ದೇವರ ಆರಾಧನೆಯ ಗುಡಾರದ ಅಳತೆಗಳ ನಡುವೆ ನಿಂತುಬಿಡುತ್ತಾರೆ. ಶ್ರದ್ಧೆ ಕಡಿಮೆ ಎಂದಲ್ಲ. ಆ ಭಾಗ ಓದಲು ಬೇಕಾದ ಹಿನ್ನೆಲೆ ಅಷ್ಟು ಹೊತ್ತಿಗೆ ಸಿಕ್ಕಿರುವುದಿಲ್ಲ.

ಸಾಮಗ್ರಿ ಹೆಚ್ಚು ಬೇಡ. ಅಡಿಟಿಪ್ಪಣಿ ಮತ್ತು ಸಮಾನ ವಾಕ್ಯಗಳ ಸೂಚನೆ ಇರುವ ಬೈಬಲ್, ಬೇರೆ ಭಾಷಾಂತರದ ಇನ್ನೊಂದು ಪ್ರತಿ, ದಪ್ಪ ನೋಟ್‌ಬುಕ್, ಪೆನ್ಸಿಲ್. ಬೈಬಲಿನ ಹಾಳೆ ತೆಳು. ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿದು ಆ ಪುಟದ ಅಕ್ಷರವನ್ನೂ ಕೆಡಿಸುತ್ತದೆ.

ಮೊದಲ ದಿನ ಪೆನ್ಸಿಲ್ ಮುಟ್ಟುವುದಿಲ್ಲ. ಇಡೀ ಮಾರ್ಕನನ್ನು ಒಂದೇ ಸಲ ಕೂತು ಗಟ್ಟಿಯಾಗಿ ಓದುತ್ತೇನೆ. ಹೆಚ್ಚುಕಡಿಮೆ ಒಂದೂವರೆ ಗಂಟೆ ಹಿಡಿಯುತ್ತದೆ. ಇದನ್ನು ಬಿಟ್ಟರೆ ಮುಂದೆ ಪ್ರತಿ ಭಾಗವೂ ಬಿಡಿಬಿಡಿ ಕಥೆಯಾಗಿ ಉಳಿಯುತ್ತದೆ. ಮರುದಿನದಿಂದ ಒಂದೊಂದು ಭಾಗ, ಹತ್ತರಿಂದ ಹದಿನೈದು ವಚನ, ಮುಕ್ಕಾಲು ಗಂಟೆ. ಕೂತ ತಕ್ಷಣ ಚಿಕ್ಕ ಪ್ರಾರ್ಥನೆ. ಕಣ್ಣು ತೆರೆಯುವಂತೆ ಬೇಡುವ ಕೀರ್ತನೆ 119:18 (119ನೇ ಕೀರ್ತನೆಯ 18ನೇ ವಚನ) ಅದಕ್ಕೆ ಸಾಕು. ಆಮೇಲೆ ನೋಟ್‌ಬುಕ್ಕಿನ ಎಡಪುಟದಲ್ಲಿ ವಚನಗಳನ್ನು ಕೈಯಾರೆ ಬರೆಯುತ್ತೇನೆ. ಕಣ್ಣು ಹಾರಿಸಿಕೊಂಡು ಹೋಗುವ ಮಾತನ್ನು ಕೈ ಹಾರಿಸುವುದಿಲ್ಲ. ಬಲಪುಟದಲ್ಲಿ ಮೊದಲು ಕಂಡದ್ದು: ಯಾರು, ಎಲ್ಲಿ, ಯಾರಿಗೆ ಹೇಳಿದರು, ಯಾವ ಮಾತು ಮತ್ತೆ ಬಂತು. ಅದರ ಕೆಳಗೆ ಪ್ರಶ್ನೆ. ಅರ್ಥ ಕೊನೆಗೆ. ಈ ಕ್ರಮ ತಪ್ಪಿದರೆ ನಮಗೆ ಮೊದಲೇ ಗೊತ್ತಿದ್ದ ಅರ್ಥವನ್ನೇ ವಾಕ್ಯದೊಳಗೆ ಹುಡುಕಿ ತೆಗೆಯುತ್ತೇವೆ.

ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ನಾವೇ ನೋಡಬೇಕು. ಅಧ್ಯಾಯಗಳ ಈಗಿನ ವಿಂಗಡಣೆ 13ನೇ ಶತಮಾನದ್ದು. ಹೊಸ ಒಡಂಬಡಿಕೆಯ ವಚನಸಂಖ್ಯೆ 1551ರದ್ದು. ಬರೆದವರು ಹಾಕಿದ್ದಲ್ಲ. ಮಾರ್ಕ 9:1 ನಿಜವಾಗಿ 8:34ರಿಂದ ನಡೆದುಬಂದ ಮಾತಿನ ಕೊನೆ.

ಈ ರೀತಿ ಓದಿದರೆ ಸಿಗುವುದೇನು ಎಂಬುದಕ್ಕೆ 8:22ರಿಂದ 10:52 ನೋಡಿ. ಬೇತ್ಸಾಯಿದದ ಕುರುಡನನ್ನು ಯೇಸು ಎರಡು ಸಾರಿ ಮುಟ್ಟಬೇಕಾಗುತ್ತದೆ. ಮೊದಲ ಸಾರಿ ಅವನಿಗೆ ಜನರು ನಡೆದಾಡುವ ಮರಗಳ ಹಾಗೆ ಕಾಣುತ್ತಾರೆ. ಯಾಕೆ ಎರಡು ಸಾರಿ? ಪ್ರಶ್ನೆ ಬರೆದಿಟ್ಟು ಮುಂದೆ ಹೋದರೆ, ಶಿಷ್ಯ ಪೇತ್ರ 8:29ರಲ್ಲಿ ‘ನೀನು ಕ್ರಿಸ್ತನು’ ಅನ್ನುತ್ತಾನೆ, 8:32ರಲ್ಲಿ ಅದೇ ಪೇತ್ರ ಯೇಸುವನ್ನೇ ಗದರಿಸುತ್ತಾನೆ. ಅವನಿಗೂ ಕಂಡಿದೆ, ಪೂರ್ತಿ ಕಂಡಿಲ್ಲ. ಯೇಸು ತನ್ನ ಮರಣದ ಬಗ್ಗೆ ಮೂರು ಸಾರಿ ಹೇಳುತ್ತಾನೆ: 8:31, 9:31, 10:33. ಪ್ರತಿ ಸಾರಿಯೂ ಬೆನ್ನಲ್ಲೇ ಶಿಷ್ಯರು ಎಡವುತ್ತಾರೆ: ಪೇತ್ರನ ಗದರಿಕೆ, ಯಾರು ಹೆಚ್ಚಿನವರು ಎಂಬ ವಾದ, ಯಾಕೋಬ ಯೋಹಾನರು ಕೇಳುವ ಬಲಗಡೆ ಎಡಗಡೆಯ ಸ್ಥಾನ. ಈ ಇಡೀ ಭಾಗ ಯೆರಿಕೋವಿನ ಬಾರ್ತಿಮಾಯನಿಗೆ ಕಣ್ಣು ಬರುವುದರೊಂದಿಗೆ ಮುಗಿಯುತ್ತದೆ, ಅವನು ದಾರಿಯಲ್ಲಿ ಯೇಸುವಿನ ಹಿಂದೆ ಹೋಗುತ್ತಾನೆ. ದಿನಕ್ಕೊಂದು ಬಿಡಿ ವಚನ ಓದುವವರಿಗೆ ಈ ಜೋಡಣೆ ಕಾಣುವುದೇ ಇಲ್ಲ.

ಸಮಾನ ವಾಕ್ಯ ತೆಗೆದಾಗ ಅಲ್ಲಿಯೂ ಒಂದೇ ವಚನಕ್ಕೆ ನಿಲ್ಲಬಾರದು. ಮಾರ್ಕ 15:34ರಲ್ಲಿ ಶಿಲುಬೆಯ ಮೇಲಿಂದ ಯೇಸು ಕೂಗುವುದು ಕೀರ್ತನೆ 22ರ ಮೊದಲ ಮಾತು. ಆ ಕೀರ್ತನೆಯನ್ನು ಕೊನೆಯ ತನಕ ಓದಿದರೆ ತಲೆಯಾಡಿಸಿ ಹಾಸ್ಯ ಮಾಡುವವರು 7ನೇ ವಚನದಲ್ಲಿ, ಬಟ್ಟೆಗೆ ಚೀಟು ಹಾಕುವವರು 18ರಲ್ಲಿ ಸಿಗುತ್ತಾರೆ. ಇಬ್ಬರೂ ಮಾರ್ಕ 15ರಲ್ಲಿದ್ದಾರೆ. ಇನ್ನೂ ಓದಿದರೆ ಆ ಗೋಳು ಸ್ತುತಿಯಾಗುತ್ತದೆ.

ಸಂದರ್ಭ ಬಿಟ್ಟರೆ ಆಗುವ ಕೆಡುಕಿಗೆ ಯೆರೆಮೀಯ 29:11 ಸಾಕ್ಷಿ. ಒಳ್ಳೆಯ ಭವಿಷ್ಯದ ಆ ಮಾತನ್ನು ಇವತ್ತಿನ ಕೆಲಸಕ್ಕೆ, ನಾಳೆಯ ಪರೀಕ್ಷೆಗೆ ನೇರವಾಗಿ ಹಚ್ಚಿಕೊಳ್ಳುತ್ತಾರೆ. ಅದು ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಅವರು ಊರಿಗೆ ಮರಳಲು ಎಪ್ಪತ್ತು ವರ್ಷ ಕಳೆಯಬೇಕು ಎಂದು ಹಿಂದಿನ ವಚನ ಅನ್ನುತ್ತದೆ. 28ನೇ ಅಧ್ಯಾಯದಲ್ಲಿ ಎರಡೇ ವರ್ಷ ಎಂದು ಸಮಾಧಾನ ಹೇಳಿದ ಹನನ್ಯ ಸುಳ್ಳು ಪ್ರವಾದಿ. ಎಪ್ಪತ್ತು ವರ್ಷವನ್ನೂ ಸೇರಿಸಿ ಓದಿದಾಗಲೇ ಆ ವಾಗ್ದಾನದ ತೂಕ ತಿಳಿಯುವುದು.

ವ್ಯಾಖ್ಯಾನ ಗ್ರಂಥ ತೆರೆಯುವುದು ನನ್ನ ಟಿಪ್ಪಣಿ ಮುಗಿದ ಮೇಲೆ, ಬರೆದಿಟ್ಟ ಪ್ರಶ್ನೆಗಳಿಗಾಗಿ ಮಾತ್ರ. ಅಡಿಟಿಪ್ಪಣಿಯನ್ನಂತೂ ಬಿಡಬೇಡಿ. ಮಾರ್ಕ 16:9ರಿಂದ 20ರ ತನಕದ ಭಾಗ ಅತಿ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಇಲ್ಲವೆಂದು ಅನೇಕ ಮುದ್ರಣಗಳು ಅಲ್ಲೇ ತಿಳಿಸುತ್ತವೆ. ಉತ್ತರ ಸಿಗದ ಪ್ರಶ್ನೆಗಳನ್ನು ಬೇರೆ ಹಾಳೆಯಲ್ಲಿ ಇಟ್ಟು ಸಭೆಯ ಹಿರಿಯರನ್ನೋ ಪಾಸ್ಟರನ್ನೋ ಕೇಳಿ. ಒಬ್ಬರೇ ಓದುವವರು ತಮ್ಮದೇ ತೀರ್ಮಾನಕ್ಕೆ ಬೇಗ ಅಂಟಿಕೊಳ್ಳುತ್ತಾರೆ.

ಮುಂದಿನ ಪುಸ್ತಕ ಯಾವುದೆಂದು ಮಾರ್ಕನೇ ಹೇಳುತ್ತಾನೆ. 1:3ರಲ್ಲಿ ಅವನು ಎತ್ತಿಕೊಂಡದ್ದು ಯೆಶಾಯ 40:3. ಹಾಗಾಗಿ ಯೆಶಾಯ 40ರಿಂದ 55, ಅದೂ 16 ಅಧ್ಯಾಯ. 53ಕ್ಕೆ ಬಂದಾಗ ಮಾತ್ರ ಮೂರು ವಚನ ಹಿಂದೆ ಸರಿದು 52:13ರಿಂದ ಶುರು ಮಾಡಿ. ದೇವರ ಸೇವಕನ ನರಳಿಕೆಯ ಹಾಡು ಆರಂಭವಾಗುವುದು ಅಲ್ಲಿಂದ.