ಶಿರಾ ಪಕ್ಕದ ಹೊಲದಲ್ಲಿ ಮೂರು ಸೆಕೆಂಡಿನ ನೆರಳು

ಕ್ಷುದ್ರಗ್ರಹವೊಂದು ನಕ್ಷತ್ರವನ್ನು ಮರೆಮಾಡುವುದನ್ನು ನೋಡಲು ಹೊರಟ ಮೊದಲ ಸಲ ನಾನು ಒಂದು ದಿನ ಮುಂಚೆಯೇ ಕಾದು ಕೂತಿದ್ದೆ. ಮುನ್ಸೂಚನೆಯಲ್ಲಿ 14ನೇ ತಾರೀಕು, 20 ಗಂಟೆ 44 ನಿಮಿಷ ಅಂತಿತ್ತು. ಅದು ಯುಟಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಐದೂವರೆ ಗಂಟೆ ಕೂಡಿಸಿ ಬೆಳಗಿನ ಜಾವ 2:14 ಅಂತ ಬರೆದುಕೊಂಡೆ. ಆದರೆ ತಾರೀಕು 15 ಆಗುತ್ತದೆ ಅನ್ನೋದು ಹೊಳೆಯಲೇ ಇಲ್ಲ. 13ರ ರಾತ್ರಿಯೆಲ್ಲ ತಾರಸಿ ಮೇಲೆ ಎದ್ದಿದ್ದೆ. ಬೆಳಿಗ್ಗೆ ಎಂಟಕ್ಕೆ ನೋಡಿದರೆ ಸಾಫ್ಟ್‌ವೇರ್ 'ಇನ್ನೂ 18 ಗಂಟೆ' ಅಂತ ತೋರಿಸುತ್ತಿತ್ತು. ಆ ರಾತ್ರಿ ಪೂರ್ತಿ ಮೋಡ. ಅಂದಿನಿಂದ ಯುಟಿ, ನಮ್ಮ ಸಮಯ ಎರಡನ್ನೂ ತಾರೀಕು ಸಮೇತ ಚೀಟಿಯಲ್ಲಿ ಬರೆದು ಟೆಲಿಸ್ಕೋಪಿಗೇ ಅಂಟಿಸುತ್ತೇನೆ.

ವಿಷಯ ಇಷ್ಟೆ. ಕ್ಷುದ್ರಗ್ರಹವೊಂದು ನಕ್ಷತ್ರದ ಮುಂದೆ ಹಾದುಹೋದರೆ ಅದರ ನೆರಳು ಭೂಮಿ ಮೇಲೆ ಓಡುತ್ತದೆ. ನಕ್ಷತ್ರ ತುಂಬಾ ದೂರ ಇರುವುದರಿಂದ ನೆರಳಿನ ಅಗಲ ಹೆಚ್ಚುಕಡಿಮೆ ಕ್ಷುದ್ರಗ್ರಹದಷ್ಟೇ. ಆ ಪಟ್ಟಿಯೊಳಗೆ ನಿಂತವರಿಗೆ ನಕ್ಷತ್ರ ಕೆಲವು ಸೆಕೆಂಡು ಮಾಯವಾಗುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಆಚ್ಛಾದನೆ ಅಂತಾರೆ, ನಾವು ಅಕಲ್ಟೇಶನ್ ಅಂತಲೇ ಹೇಳುತ್ತೇವೆ. ಎಷ್ಟು ಹೊತ್ತು ಮಾಯವಾಯಿತು ಅಂತ ಅಳೆದರೆ, ದೊಡ್ಡ ಟೆಲಿಸ್ಕೋಪಿನಲ್ಲೂ ಬರೀ ಚುಕ್ಕಿಯಾಗಿ ಕಾಣುವ ಕಲ್ಲಿನ ಅಗಲ ಸಿಗುತ್ತದೆ.

ಮುಂಚೆ ಮುನ್ಸೂಚನೆ ನಂಬಿಕೊಂಡು ಹೊರಡುವುದು ಕಷ್ಟವಿತ್ತು. ನೆರಳಿನ ದಾರಿ ನೂರಾರು ಕಿಲೋಮೀಟರ್ ಆಚೀಚೆ ಆಗುತ್ತಿತ್ತು. ಗಾಯಾ ಬಾಹ್ಯಾಕಾಶ ದೂರದರ್ಶಕದ ಎರಡನೇ ಪಟ್ಟಿ 2018ರಲ್ಲಿ ಬಂದ ಮೇಲೆ ನೂರು ಕೋಟಿಗೂ ಹೆಚ್ಚು ನಕ್ಷತ್ರಗಳ ಜಾಗ ಕರಾರುವಾಕ್ಕಾಗಿ ಗೊತ್ತಾಯಿತು. ನಾನು ಅಕಲ್ಟ್‌ವಾಚರ್ ಅನ್ನೋ ಸಾಫ್ಟ್‌ವೇರ್ ಬಳಸುತ್ತೇನೆ. ನಮ್ಮ ಅಕ್ಷಾಂಶ ರೇಖಾಂಶ ಕೊಟ್ಟರೆ ಹತ್ತಿರ ಹಾದುಹೋಗುವ ನೆರಳುಗಳನ್ನೆಲ್ಲ ಪಟ್ಟಿ ಮಾಡಿಕೊಡುತ್ತದೆ.

ಹಾಗೆ ಸಿಕ್ಕಿದ್ದು ಸುಮಾರು 50 ಕಿ.ಮೀ. ಅಗಲದ ಒಂದು ಕ್ಷುದ್ರಗ್ರಹ. ನೆರಳು ಸೆಕೆಂಡಿಗೆ 12 ಕಿ.ಮೀ. ಓಡುತ್ತದೆ, ಅಂದರೆ ನಟ್ಟನಡುವೆ ನಿಂತವರಿಗೂ ನಾಲ್ಕು ಸೆಕೆಂಡು ಚಿಲ್ಲರೆ ಅಷ್ಟೇ. ದಾರಿ ಶಿರಾ ಹತ್ತಿರ ಪೂರ್ವ ಪಶ್ಚಿಮವಾಗಿ ಹಾದಿತ್ತು. ನಾನು ನಡುಗೆರೆಗಿಂತ 5 ಕಿ.ಮೀ. ಉತ್ತರಕ್ಕೆ ಒಂದು ಹೊಲ ನೋಡಿಕೊಂಡೆ. ಗೆಳೆಯ ಇನ್ನೂ 20 ಕಿ.ಮೀ. ಉತ್ತರಕ್ಕೆ, ಹಿರಿಯೂರಿನ ಕಡೆ, ನೆರಳಿನ ಅಂಚಿನಲ್ಲೇ ನಿಂತ. ಇಬ್ಬರೂ ಒಂದೇ ಕಡೆ ನಿಂತರೆ ಒಂದೇ ಅಳತೆ ಎರಡು ಸಲ ಸಿಗುತ್ತದೆ, ಅಲ್ವಾ?

ಜಾಸ್ತಿ ಹೊತ್ತು ಹಿಡಿಯುವುದು ನಕ್ಷತ್ರ ಹುಡುಕೋದು. ನಮ್ಮದು ಕಾಂತಿಮಾನ (ಸಂಖ್ಯೆ ಹೆಚ್ಚಿದಷ್ಟೂ ಮಂಕು) 10.5ರ ನಕ್ಷತ್ರ, ಬರಿಗಣ್ಣಿಗೆ ಕಾಣುವುದಿಲ್ಲ. ಹತ್ತಿರದ ಹೊಳೆಯುವ ನಕ್ಷತ್ರದಿಂದ ಒಂದೊಂದೇ ಚುಕ್ಕಿ ದಾಟಿಕೊಂಡು, ನಕ್ಷೆಯ ಜೊತೆ ಹೋಲಿಸುತ್ತಾ ಹೋಗಬೇಕು. ಹಿಂದಿನ ಮೂರು ರಾತ್ರಿ ಮನೆಯಲ್ಲೇ ಇದನ್ನು ಅಭ್ಯಾಸ ಮಾಡಿದ್ದೆ. ಎಂಟು ಇಂಚಿನ ಟೆಲಿಸ್ಕೋಪ್, ಸೆಕೆಂಡಿಗೆ 25 ಚಿತ್ರ ತೆಗೆಯುವ ಕ್ಯಾಮೆರಾ, ಪ್ರತಿ ಚಿತ್ರಕ್ಕೂ ಸಮಯದ ಮುದ್ರೆ ಒತ್ತುವ ಜಿಪಿಎಸ್. ಲ್ಯಾಪ್‌ಟಾಪಿನ ಗಡಿಯಾರವನ್ನು ಸುಮ್ನೆ ನಂಬಬಾರದು. ಅರ್ಧ ಸೆಕೆಂಡು ತಪ್ಪಿದರೆ ಇಲ್ಲಿ ಆರು ಕಿಲೋಮೀಟರ್ ತಪ್ಪಿದ ಹಾಗೆ.

ಒಂದು ಗಂಟೆ ಹೊತ್ತಿಗೆ ಪಂಪ್‌ಸೆಟ್ಟಿಗೆ ಕರೆಂಟ್ ಬಂತು ಅಂತ ಪಕ್ಕದ ತೋಟದ ಯಜಮಾನರು ಟಾರ್ಚ್ ಹಿಡಿದು ಬಂದರು.

"ಏನ್ ಸಾರ್, ಸರ್ವೆಯವರಾ?"

"ಅಲ್ಲ ಯಜಮಾನ್ರೇ, ಒಂದು ನಕ್ಷತ್ರ ಮರೆಯಾಗುತ್ತೆ, ಅದನ್ನ ನೋಡೋಕೆ ಬಂದಿದೀನಿ."

ಅವರು ಟಾರ್ಚ್ ಆರಿಸಿ ಬದುವಿನ ಮೇಲೆ ಕೂತರು. ನೀರು ಕಟ್ಟೋದು ಆಮೇಲೆ ಅಂದರು.

ರೆಕಾರ್ಡಿಂಗ್ ಐದು ನಿಮಿಷ ಮೊದಲೇ ಶುರು ಮಾಡಿದೆ. ಇದು ನನ್ನ ಗಟ್ಟಿ ನಿಯಮ. 1977ರ ಮಾರ್ಚ್ 10ರಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದಾಗ, ಗ್ರಹ ಅಡ್ಡ ಬರುವ ಮೊದಲೇ ಬೆಳಕು ಹಲವು ಸಲ ಕುಗ್ಗಿತ್ತು. ಉಂಗುರಗಳು ಸಿಕ್ಕಿದ್ದು ಹಾಗೆ. ನಮ್ಮ ಭಾರತೀಯ ಖಭೌತ ಸಂಸ್ಥೆಯವರು ತಮಿಳುನಾಡಿನ ಕಾವಲೂರಿನ ವೀಕ್ಷಣಾಲಯದಿಂದ ಅಂಥ ಒಂದು ಕುಗ್ಗುವಿಕೆ ದಾಖಲಿಸಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಒತ್ತಿದ್ದರೆ ಏನು ಸಿಗುತ್ತಿತ್ತು?

ಪರದೆ ಮೇಲೆ ಮೂರು ಚುಕ್ಕಿ, ನಡುವಿನದು ನಮ್ಮದು. ಗಾಳಿಗೆ ಮೂರೂ ಸಣ್ಣಗೆ ನಡುಗುತ್ತಿದ್ದವು. ಇದ್ದಕ್ಕಿದ್ದಂತೆ ನಡುವಿನದು ಇಲ್ಲ. ಮಂಕಾಗಿ ಹೋದದ್ದಲ್ಲ, ಸ್ವಿಚ್ ಆರಿಸಿದ ಹಾಗೆ. ಪಕ್ಕದ ಎರಡೂ ಹಾಗೇ ಇದ್ದವು, ಆದ್ದರಿಂದ ಮೋಡವಲ್ಲ. ನಾನು ಉಸಿರು ಬಿಟ್ಟಿರಲಿಲ್ಲ. ಮತ್ತೆ ಅದೇ ಜಾಗದಲ್ಲಿ ಹೊತ್ತಿಕೊಂಡಿತು. "ಬಂತು ಬಂತು!" ಅಂದರು ಯಜಮಾನರು.

ಗೆಳೆಯನಿಗೆ ಫೋನ್ ಮಾಡಿದರೆ ದನಿ ಇಳಿದಿತ್ತು. "ನಂದು ಮರೆ ಆಗ್ಲೇ ಇಲ್ಲ ಕಣೋ."

ಮನೆಗೆ ಬಂದು ಟ್ಯಾಂಗ್ರಾ ಅನ್ನೋ ಸಾಫ್ಟ್‌ವೇರಿನಲ್ಲಿ ವಿಡಿಯೋ ಹಾಕಿ ನಕ್ಷತ್ರದ ಬೆಳಕಿನ ಏರಿಳಿತದ ಗೆರೆ ಎಳೆದೆ. ಮರೆಯಾಗಿದ್ದು 3.12 ಸೆಕೆಂಡು. 12ರಿಂದ ಗುಣಿಸಿದರೆ ನಾನು ನಿಂತ ಗೆರೆಯ ಮೇಲೆ ನೆರಳಿನ ಉದ್ದ 37 ಕಿ.ಮೀ. ಕ್ಷುದ್ರಗ್ರಹ ದುಂಡಗೆ 50 ಕಿ.ಮೀ. ಇದೆ ಅಂತ ಇಟ್ಟುಕೊಂಡರೆ, ನಾನು ನೆರಳಿನ ನಡುವಿನಿಂದ ಸುಮಾರು 17 ಕಿ.ಮೀ. ದೂರ ಇದ್ದೆ. ಆದರೆ ಉತ್ತರಕ್ಕೋ, ದಕ್ಷಿಣಕ್ಕೋ? ನನ್ನ ಒಂದು ಅಳತೆಯಿಂದ ಅದು ತಿಳಿಯುವುದಿಲ್ಲ.

ಅಲ್ಲೇ ಗೆಳೆಯನ ರಾತ್ರಿ ಕೆಲಸಕ್ಕೆ ಬಂದದ್ದು. ನಾನು ದಕ್ಷಿಣದಲ್ಲಿದ್ದಿದ್ದರೆ, ನನಗಿಂತ 20 ಕಿ.ಮೀ. ಉತ್ತರದ ಅವನು ನೆರಳಿನ ನಟ್ಟನಡುವೆ ಇರುತ್ತಿದ್ದ, ನಾಲ್ಕು ಸೆಕೆಂಡು ಸಿಗಲೇಬೇಕಿತ್ತು. ಸಿಗಲಿಲ್ಲ. ಹಾಗಾದರೆ ನಾನೇ ಉತ್ತರದಲ್ಲಿದ್ದೆ, ಅವನು ನೆರಳಿನಿಂದಲೇ ಆಚೆ. ನೆರಳು ಮುನ್ಸೂಚನೆಗಿಂತ ಸುಮಾರು 12 ಕಿ.ಮೀ. ದಕ್ಷಿಣಕ್ಕೆ ಸರಿದಿತ್ತು. ಕ್ಷುದ್ರಗ್ರಹದ ಕಕ್ಷೆ ತಿದ್ದುವವರಿಗೆ ಬೇಕಾದದ್ದು ಇಂಥ ಅಳತೆಯೇ.

ಕಾಗದದ ಮೇಲೆ ವೃತ್ತ ಬರೆದು, ನನ್ನ ಗೆರೆ ಎಳೆದು, ಹೊರಗೆ ಅವನ ಗೆರೆಯನ್ನೂ ಎಳೆದು ಫೋಟೋ ಕಳಿಸಿದೆ. ಎರಡು ನಿಮಿಷಕ್ಕೆ ಅವನೇ ಫೋನ್ ಮಾಡಿದ. ವರದಿಯಲ್ಲಿ ಅವನ ಸಾಲನ್ನು ಅವನ ಕೈಲೇ ಬರೆಸಿದೆ: ಮರೆಯಾಗಲಿಲ್ಲ.