ಡೈರಿ ಮುಂದೆ ಬಿಪಿ-ಶುಗರ್: ನನ್ನ ಅನುಭವ

ಹಾಲು ಹಾಕೋಕೆ ಬಂದವ್ರಿಗೆ ಅಲ್ಲೇ ಫಾಸ್ಟಿಂಗ್ ಶುಗರ್ (ಖಾಲಿ ಹೊಟ್ಟೇಲಿ ನೋಡೋದು) ನೋಡ್ತೀನಿ ಅಂದಾಗ ನಮ್ಮ ಪ್ರಾಜೆಕ್ಟ್ ಸಾರ್ ನಕ್ಕುಬಿಟ್ರು, ಆ ಗಲಾಟೇಲಿ ಯಾವ ಡೇಟಾ ಬರುತ್ತಪ್ಪ ಅಂತ. ಈಗ ಮದ್ದೂರು ಕಡೆ ಬಿಪಿ-ಶುಗರ್ ನೋಡ್ಬೇಕಾದವ್ರ ನಮ್ಮ ಲಿಸ್ಟ್‌ನಲ್ಲಿ ಮುಕ್ಕಾಲು ಪಾಲು ಹೆಸರು ಮುಗ್ದಿದೆ, ಅದೂ ಗಂಡಸ್ರನ್ನೂ ಸೇರಿಸ್ಕೊಂಡು.

ಮುಂಚೆ ಭಾನುವಾರ ಸ್ಕೂಲಲ್ಲಿ ಕ್ಯಾಂಪ್ ಹಾಕ್ತಿದ್ವಿ. ಶಾಮಿಯಾನ, ಮೈಕು, ಆಟೋ ಪ್ರಚಾರ, ಉಪ್ಪಿಟ್ಟು, ಒಂದೊಂದಕ್ಕೆ ಎಂಟತ್ತು ಸಾವಿರ ಕೈ ಬಿಡೋದು. ಬರ್ತಿದ್ದೋರು ಯಾರು? ಆಗ್ಲೇ ಮಾತ್ರೆ ನುಂಗ್ತಿರೋ ಅಜ್ಜಿಯರು, ಅದೂ ತಿಂಡಿ ತಿಂದ್ಕೊಂಡು. ನಮಗೆ ಬೇಕಾಗಿದ್ದ ನಲವತ್ತರ ಆಸುಪಾಸಿನ ಗಂಡಸ್ರು ಗದ್ದೇಲೇ ಇರೋರು. ಬಿಪಿ 140/90 ಬಂದ್ರೆ ಇನ್ನೊಂದಿನ ನೋಡ್ದೆ ಬರೆಯಂಗಿಲ್ಲ, ಆ ಇನ್ನೊಂದಿನಕ್ಕೆ ಅರ್ಧ ಜನ ನಾಪತ್ತೆ.

ಡೈರೀಲಿ ಆ ತಲೆನೋವೇ ಇಲ್ಲ, ಬೆಳಗ್ಗೆ ಬಂದ ಮುಖ ಸಂಜೆ ಮತ್ತೆ ಬರುತ್ತೆ. ಹಿಂದಿನ ಸಂಜೆನೇ ಕನ್ಸೆಂಟ್ ತಗೊಂಡು "ಅಣ್ಣ, ನಾಳೆ ಟೀ ಬೀಡಿ ಎಲ್ಲಾ ನಮ್ ಕೆಲ್ಸ ಆದ್ಮೇಲೆ" ಅಂತ ಹೇಳಿಡೋದು. ಹಾಲು ಅಳೆದಾದ್ಮೇಲೆ ಜಗಲಿ ಮೇಲೆ ಐದು ನಿಮಿಷ ಸುಮ್ನೆ ಕೂರಿಸಿ ಮೂರು ಸಲ ಬಿಪಿ, ಮೊದಲ್ನೇದು ಬಿಟ್ಟು ಉಳಿದೆರಡರ ಸರಾಸರಿ. ದೊಡ್ಡ ಕಫ್ (ಬಿಪಿ ನೋಡೋಕೆ ತೋಳಿಗೆ ಸುತ್ತೋ ಪಟ್ಟಿ) ಒಂದು ಇಟ್ಕೊಳ್ಳಿ, ದಪ್ಪ ತೋಳಿಗೆ ಚಿಕ್ಕದು ಸುತ್ತಿದ್ರೆ ಇಲ್ಲದ ಬಿಪಿ ಕಾಣುತ್ತೆ. ಶುಗರ್ 126 ದಾಟ್ದವ್ರನ್ನ ಪಿಎಚ್‌ಸಿ ಲ್ಯಾಬ್‌ಗೆ ಕಳಿಸ್ತೀವಿ, ಹೋಗಿಲ್ಲ ಅಂದ್ರೆ ಸಂಜೆ ಡೈರೀಲೇ ಸಿಗ್ತಾರಲ್ಲ. ಡೈರಿ ಸೆಕ್ರೆಟರಿಗಳನ್ನ ಹೇಗೆ ಒಪ್ಪಿಸ್ದೆ ಅನ್ನೋದು ಮಾತ್ರ ಬರೆಯಲ್ಲ, ದುಡ್ಡಂತೂ ಕೊಟ್ಟಿಲ್ಲ.

ಹಸು ಇಲ್ದೋರ ಕಥೆ ಏನು ಅಂತ ಸಾರ್ ಕೇಳಿದ್ದು ನ್ಯಾಯವಾಗೇ ಇತ್ತು, ಅದಕ್ಕೇ ಆಲೆಮನೆಗೂ ಹೋದ್ವಿ. ಅಲ್ಲೊಬ್ಬ ಒಣಕಲು ಹುಡ್ಗ, ಸ್ಪಿರಿಟ್ ಹತ್ತೀಲಿ ಬೆರಳು ಒರೆಸೇ ಚುಚ್ಚಿದ್ದು, ಮೀಟರ್ 340ರ ಹತ್ರ ತೋರಿಸ್ತು. ಜೊತೆಗಿದ್ದ ಸಿಸ್ಟರ್ ಗಾಬರಿ. ನೋಡಿದ್ರೆ ಉಗುರು ಸಂದೀಲಿ ಪಾಕ ಅಂಟ್ಕೊಂಡಿದೆ. ಸೋಪ್ ಹಾಕಿ ತೊಳೆಸಿ, ಚೆನ್ನಾಗಿ ಒಣಗಿಸಿ, ಬೇರೆ ಬೆರಳು ಚುಚ್ಚಿದ್ರೆ ನೂರರ ಆಜುಬಾಜು! ಬೆಲ್ಲದ ಅಂಟಿಗೆ ಸ್ಪಿರಿಟ್ ಸಾಲಲ್ಲ. ಅವತ್ತಿಂದ ಕಿಟ್‌ನಲ್ಲಿ ಸೋಪು, ಟವೆಲ್ಲು, ಒಂದು ಕ್ಯಾನ್ ನೀರು.

ಸೊಂಟ ಅಳೆಯೋಕೆ ಕೆಲವ್ರು ನಾಚ್ಕೋತಾರೆ ಅಂತ ಉಡಿದಾರದ ಉದ್ದ ತಗೊಂಡು ನೋಡಿದ್ದೂ ಆಯ್ತು. ಹೊಟ್ಟೆ ಇರೋರಿಗೆ ಅದು ಕೆಳಕ್ಕೆ ಜಾರಿರುತ್ತೆ, ಟೇಪ್‌ಗಿಂತ ಆರೇಳು ಸೆಂಟಿಮೀಟರ್ ಕಮ್ಮಿ. ಶುಗರ್ ಬರೋ ಅಪಾಯ ಎಷ್ಟು ಅಂತ ಅಂಕ ಕೊಡೋ ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್‌ನಲ್ಲಿ ಗಂಡಸ್ರ ಸೊಂಟದ ಗೆರೆ ಇರೋದೇ 90 ಸೆಂಟಿಮೀಟರ್‌ಗೆ, 60 (ಅಲ್ಲಿಂದ ಮೇಲೆ ಅಪಾಯ ಜಾಸ್ತಿ ಅಂತ) ಬರ್ಬೇಕಾದವ್ನು 50ಕ್ಕೇ ನಿಂತ್ಕೋತಾನೆ. ಕೈಬಿಟ್ವಿ.

ಖರ್ಚು ಸ್ಟ್ರಿಪ್, ಲ್ಯಾನ್ಸೆಟ್, ಪೆಟ್ರೋಲ್ ಎಲ್ಲಾ ಸೇರಿ ತಲೆಗೆ ನಲವತ್ತು ರೂಪಾಯಿ ಒಳಗೆ, ಕ್ಯಾಂಪ್ ಲೆಕ್ಕದಲ್ಲಿ ಇನ್ನೂರರ ಮೇಲಿತ್ತು. ಸ್ಟ್ರಿಪ್ ಡಬ್ಬಿ ಬಿಸಿಲಲ್ಲಿ ಬೈಕ್ ಡಿಕ್ಕೀಲಿ ಬಿಡ್ಬೇಡಿ ಅಷ್ಟೆ. ಮುಂದೆ ರೇಷನ್ ಅಂಗಡಿ ಕ್ಯೂ ಮೇಲೆ ಕಣ್ಣಿಟ್ಟಿದೀನಿ, ಸರ್ವರ್ ಕೈಕೊಟ್ರೆ ಜನ ಗಂಟೆಗಟ್ಲೆ ಕೂತಿರ್ತಾರೆ, ಐದು ನಿಮಿಷ ಕೂರಿಸೋ ಕಷ್ಟನೂ ಇಲ್ಲ.